ನೀರಿನ ಲೆಕ್ಕ ಬಲ್ಲ ಪ್ರಧಾನಿ



ಹರದನಹಳ್ಳಿ ದೊಡ್ಡೇಗೌಡ ದೇವೇಗೌಡರು ಈ ದೇಶದ ಪ್ರಧಾನಿಯಾಗಿದ್ದದ್ದು 324 ದಿನ. 1996ರ ಜೂನ್ 1ರಂದು ಪ್ರಮಾಣವಚನ ಸ್ವೀಕರಿಸಿದರು, 1997ರ ಏಪ್ರಿಲ್ 21ರಂದು ಕುರ್ಚಿ ಬಿಟ್ಟರು. ಬಹಳ ಜನ ಇಷ್ಟಕ್ಕೇ ಮಾತು ಮುಗಿಸುತ್ತಾರೆ. ಹದಿಮೂರು ಪಕ್ಷಗಳು ಸೇರಿದ್ದವು, ಯಾರೂ ಒಪ್ಪಲಿಲ್ಲ, ಇವರಿಗೆ ಅದೃಷ್ಟ ಖುಲಾಯಿಸಿತು, ಕಾಂಗ್ರೆಸ್ಸು ಕೈಕೊಟ್ಟಿತು, ಇಳಿದರು. ಕಥೆಯನ್ನು ಹೀಗೆ ಹೇಳಿದರೆ ಕೇಳುವುದಕ್ಕೆ ಸಲೀಸು, ಆದರೆ ಮನುಷ್ಯ ಕೈಗೆ ಸಿಗುವುದಿಲ್ಲ. ಆ 324 ದಿನಗಳಲ್ಲಿ ಅವರು ಮಾಡಿದ ಮುಖ್ಯ ಕೆಲಸಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿ. ಅವುಗಳ ಬೇರು ಹೊಳೆನರಸೀಪುರದ ತಾಲ್ಲೂಕು ಮಂಡಳಿಯಲ್ಲಿ, ಹೇಮಾವತಿ ನಾಲೆಯ ಏರಿಯ ಮೇಲೆ, ಕಾಮಗಾರಿಯ ಅಳತೆ ಪುಸ್ತಕದಲ್ಲಿ ಸಿಗುತ್ತದೆ. ಈ ಹೊತ್ತು ನಾನು ಹೇಳಬೇಕೆಂದು ಬಂದಿರುವುದು ಅದನ್ನೇ.

ನಾನು ಬಿಳಿಚೋಡಿನವನು. ಜಗಳೂರು ತಾಲ್ಲೂಕಿನ ಹೋಬಳಿ ಊರು ನಮ್ಮದು. ನಮ್ಮೂರಿನಿಂದ ದಾವಣಗೆರೆಯ ದಿಕ್ಕಿಗೆ ಹೋದರೆ ಭದ್ರಾ ನಾಲೆಯ ನೀರುಂಡ ಗದ್ದೆಬಯಲು ಸಿಗುತ್ತದೆ, ಜಗಳೂರಿನ ಕಡೆ ಮುಖ ಮಾಡಿದರೆ ಮಳೆಯನ್ನೇ ನೆಚ್ಚಿದ ಶೇಂಗಾ, ಮೆಕ್ಕೆಜೋಳ, ರಾಗಿಯ ಹೊಲ. ಎರಡರ ನಡುವೆ ನಿಂತವರಿಗೆ ನಾಲೆಯ ನೀರು ಎಂದರೆ ಏನು, ಅದು ಇಲ್ಲ ಎಂದರೆ ಏನು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಪ್ರಧಾನಿಯನ್ನು ನೀರಿನ ಕಣ್ಣಿನಿಂದ ನೋಡುವ ಹಕ್ಕು ನಮ್ಮ ಕಡೆಯವರಿಗೆ ಇದೆ ಎಂದು ನನ್ನ ಭಾವನೆ.

ದೆಹಲಿಯ ರಾಜಕಾರಣ ನಮ್ಮ ಸೀಮೆಗೆ ಹೊಸದೇನೂ ಆಗಿರಲಿಲ್ಲ. ನಾವು ಆಗ ಚಿತ್ರದುರ್ಗ ಜಿಲ್ಲೆಯವರು. ಚಿತ್ರದುರ್ಗದಲ್ಲಿ ನೆಲೆ ನಿಂತಿದ್ದ ಎಸ್. ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗ, 1969ರ ನವೆಂಬರಿನಲ್ಲಿ, ಅಧಿಕಾರದಲ್ಲಿದ್ದ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದವರು. ಪ್ರಧಾನಿಯನ್ನು ಎದುರು ಹಾಕಿಕೊಳ್ಳುವಷ್ಟು ದೊಡ್ಡವರು ನಮ್ಮಲ್ಲಿ ಇದ್ದರು. ಪ್ರಧಾನಿಯೇ ಆದ ಕನ್ನಡಿಗ ಮಾತ್ರ ಅಲ್ಲಿಯವರೆಗೆ ಇರಲಿಲ್ಲ, ಆಮೇಲೂ ಇಲ್ಲಿಯವರೆಗೆ ಮತ್ತೊಬ್ಬರು ಆಗಿಲ್ಲ. 1996ರ ಮೇ ಕೊನೆಯಲ್ಲಿ ದೇವೇಗೌಡರು ವಿಧಾನಸೌಧ ಬಿಟ್ಟು ದೆಹಲಿಗೆ ಹೊರಟಾಗ ಅವರ ಮುಖ್ಯಮಂತ್ರಿ ಕುರ್ಚಿಗೆ ಬಂದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು. ಒಂದೇ ವಾರದೊಳಗೆ ಹಾಸನದ ಹಳ್ಳಿಯವರೊಬ್ಬರು ದೇಶಕ್ಕೆ, ನಮ್ಮ ಪಕ್ಕದ ಹಳ್ಳಿಯವರೊಬ್ಬರು ರಾಜ್ಯಕ್ಕೆ ಯಜಮಾನರಾದರು. ಆ ವಾರ ಬಸ್ ನಿಲ್ದಾಣದ ಹೋಟೆಲುಗಳಲ್ಲಿ ರೇಡಿಯೋದ ಸುತ್ತ ನೆರೆದಿದ್ದವರ ಮುಖ ಕಂಡವರು ಮರೆಯುವ ಹಾಗಿಲ್ಲ.

ಈಗ ಹರದನಹಳ್ಳಿಗೆ ಹೋಗೋಣ. 1933ರ ಮೇ 18ರಂದು ಹೊಳೆನರಸೀಪುರ ತಾಲ್ಲೂಕಿನ ಆ ಊರಿನ ಒಕ್ಕಲು ಮನೆಯಲ್ಲಿ ದೇವೇಗೌಡರು ಹುಟ್ಟಿದರು. ತಂದೆ ದೊಡ್ಡೇಗೌಡರು, ತಾಯಿ ದೇವಮ್ಮನವರು. ಓದಿದ್ದು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ, ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ. ನಮ್ಮ ಪ್ರಧಾನಿಗಳಲ್ಲಿ ವಕೀಲರಿದ್ದರು, ಪ್ರಾಧ್ಯಾಪಕರಿದ್ದರು, ವಿದೇಶಗಳಲ್ಲಿ ಓದಿ ಬಂದವರಿದ್ದರು. ಮಣ್ಣಿನ ಕೆಲಸಕ್ಕೆ ಎಷ್ಟು, ಕಲ್ಲುಕಟ್ಟಡಕ್ಕೆ ಎಷ್ಟು, ನಾಲೆಯ ಇಳಿಜಾರು ಎಷ್ಟು ಎಂದು ಲೆಕ್ಕ ಹಾಕಲು ಕಲಿತು, ಸ್ವಲ್ಪ ಕಾಲ ಸಣ್ಣಪುಟ್ಟ ಕಾಮಗಾರಿಗಳ ಗುತ್ತಿಗೆಯನ್ನೂ ಮಾಡಿ ಆ ಕುರ್ಚಿಗೆ ಹೋದವರು ಇವರು. ಪದವಿಯ ಕಾಗದ ಚಿಕ್ಕದು ಎಂದು ಆಗ ಕೆಲವರು ಮೂಗು ಮುರಿದರು. ನನಗೆ ಆ ಡಿಪ್ಲೊಮಾ ಬಹಳ ದೊಡ್ಡದಾಗಿ ಕಾಣುತ್ತದೆ. ಹಳ್ಳಿಯಲ್ಲಿ ಸರ್ಕಾರ ಎಂದರೆ ಕೊನೆಗೂ ಒಂದು ಎಸ್ಟಿಮೇಟು. ಕೆರೆ ಏರಿ ದುರಸ್ತಿಗೆ ಎಸ್ಟಿಮೇಟು, ಶಾಲೆಯ ಕೋಣೆಗೆ ಎಸ್ಟಿಮೇಟು, ರಸ್ತೆಗೆ ಎಸ್ಟಿಮೇಟು. ಅದನ್ನು ಓದಬಲ್ಲ ಜನಪ್ರತಿನಿಧಿಯ ಮುಂದೆ ಯಾವ ಅಧಿಕಾರಿಯೂ ಸುಮ್ಮನೆ ಒಂದು ಅಂಕಿ ಎಸೆದು ಪಾರಾಗಲಾರ.

1953ರಲ್ಲಿ ಕಾಂಗ್ರೆಸ್ ಸೇರಿದರು. ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾದರು, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾದರು. 1962ರಲ್ಲಿ ಪಕ್ಷ ಬಿಟ್ಟು ಪಕ್ಷೇತರರಾಗಿ ನಿಂತು ಗೆದ್ದು ವಿಧಾನಸಭೆಗೆ ಬಂದಾಗ ಅವರಿಗೆ ಇನ್ನೂ 29 ತುಂಬಿರಲಿಲ್ಲ. ಆ ಕ್ಷೇತ್ರ ಅವರನ್ನು 1989ರವರೆಗೆ ಬಿಟ್ಟುಕೊಡಲಿಲ್ಲ.

ಹೊಳೆನರಸೀಪುರ ಹೇಮಾವತಿಯ ದಡದ ಊರು. ನದಿ ಮನೆ ಬಾಗಿಲಲ್ಲೇ ಹರಿಯುತ್ತದೆ, ಆದರೆ ಹರಿಯುವ ನೀರೆಲ್ಲ ನಮ್ಮದಲ್ಲ ಎಂಬ ಪಾಠವನ್ನು ಕಾವೇರಿ ಕೊಳ್ಳದ ರೈತನ ಮಗ ಬೇಗ ಕಲಿಯುತ್ತಾನೆ. ಹೇಮಾವತಿ ಕಾವೇರಿಯ ಉಪನದಿ. ಅದಕ್ಕೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಬೇಕೆಂದರೆ ತಮಿಳುನಾಡಿನ ತಕರಾರು, 1924ರ ಒಪ್ಪಂದದ ಮಾತು, ಕೇಂದ್ರದ ಮೌನ, ಎಲ್ಲವೂ ಅಡ್ಡ ಬರುತ್ತಿದ್ದವು. ದೇವೇಗೌಡರು ಶಾಸಕರಾಗಿ ತಮ್ಮ ಮೊದಲ ಇಪ್ಪತ್ತು ವರ್ಷಗಳನ್ನು ಬಹುಪಾಲು ಇದಕ್ಕೇ ಸವೆಸಿದರು ಎಂದರೆ ತಪ್ಪಲ್ಲ. ಸದನದಲ್ಲಿ ಅವರು ಎದ್ದು ನಿಂತರೆಂದರೆ ಕಂಕುಳಲ್ಲಿ ಕಡತ ಇರುತ್ತಿತ್ತು. ಒಪ್ಪಂದದ ಕಲಮು, ನದಿಯ ಹರಿವು, ಅಚ್ಚುಕಟ್ಟಿನ ಎಕರೆ, ಇವುಗಳನ್ನು ಇಟ್ಟುಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮಾತಿನಲ್ಲಿ ಅಲಂಕಾರ ಇಲ್ಲ, ನಗೆಚಾಟಿಕೆ ಇಲ್ಲ. ಕೇಳುವವರಿಗೆ ಬೇಸರ ಬಂದರೂ ಅವರು ಕೂರುತ್ತಿರಲಿಲ್ಲ. ಪಟೇಲರ ಮಾತಿನ ಸೊಗಸು ಬಲ್ಲ ನಮ್ಮ ಕಡೆಯವರಿಗೆ ಈ ಶೈಲಿ ಸಪ್ಪೆಯೆನಿಸಬಹುದು. ಆದರೆ ನೀರಿನ ಜಗಳದಲ್ಲಿ ಸೊಗಸಾದ ಮಾತಿಗಿಂತ ಸರಿಯಾದ ಅಂಕಿಗೆ ತೂಕ ಹೆಚ್ಚು.

1972ರ ಚುನಾವಣೆಯಲ್ಲಿ ದೇವರಾಜ ಅರಸರ ಅಲೆಯಲ್ಲಿ ವಿರೋಧ ಪಕ್ಷಗಳೆಲ್ಲ ಕೊಚ್ಚಿಹೋದಾಗ ಉಳಿದ ಕೆಲವರ ನಾಯಕರಾಗಿ ನಿಂತವರು ಅವರು. ತುರ್ತುಪರಿಸ್ಥಿತಿ ಬಂತು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಸುಮಾರು 18 ತಿಂಗಳು ಸೆರೆಯಲ್ಲಿದ್ದರು. ಅಟಲ ಬಿಹಾರಿ ವಾಜಪೇಯಿ, ಅಡ್ವಾಣಿಯವರನ್ನೂ ಬಂಧಿಸಿ ಮೊದಲು ತಂದಿಟ್ಟದ್ದು ಬೆಂಗಳೂರಿನ ಸೆರೆಮನೆಗೇ. ಇಪ್ಪತ್ತು ವರ್ಷದ ಮೇಲೆ ವಾಜಪೇಯಿಯವರ ಹದಿಮೂರು ದಿನದ ಸರ್ಕಾರ ಬಿದ್ದು ದೇವೇಗೌಡರ ಸರ್ಕಾರ ಬಂದೀತೆಂದು ಆಗ ಯಾರು ತಾನೇ ಎಣಿಸಿದ್ದರು?

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಖಾತೆ ಸಿಕ್ಕಿತು. ಬಯಸಿದ್ದ ಖಾತೆ, ಬಲ್ಲ ಖಾತೆ. ಆಗ ಅವರ ತಲೆ ತಿನ್ನುತ್ತಿದ್ದದ್ದು ಕೃಷ್ಣೆ. ಆ ನದಿಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಕರ್ನಾಟಕಕ್ಕೆ 734 ಟಿಎಂಸಿ ಅಡಿ ನೀರು ಕೊಟ್ಟಿತ್ತು, ಆದರೆ ಆ ತೀರ್ಪನ್ನು 2000ದ ಮೇ 31ರ ನಂತರ ಮರುಪರಿಶೀಲಿಸಬಹುದು ಎಂದೂ ಹೇಳಿತ್ತು. ಅಷ್ಟರೊಳಗೆ ಅಣೆಕಟ್ಟು, ನಾಲೆ ಕಟ್ಟಿ ನೀರು ಬಳಸದಿದ್ದರೆ ನಮ್ಮ ವಾದ ಬಡವಾಗುತ್ತದೆ ಎಂಬ ಆತಂಕ. ಕಟ್ಟಲು ದುಡ್ಡು ಬೇಕು, ಬಜೆಟ್ಟಿನಲ್ಲಿ ಅಷ್ಟು ದುಡ್ಡು ಇಲ್ಲ. ನೀರಾವರಿಗೆ ಸಾಕಷ್ಟು ಹಣ ಕೊಡಲಿಲ್ಲ ಎಂಬ ಕಾರಣ ಮುಂದಿಟ್ಟು 1987ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಹೆಗಡೆಯವರೊಂದಿಗಿನ ಪೈಪೋಟಿಯೂ ಅದರ ಹಿಂದೆ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ರಾಜಕಾರಣಿಯೊಬ್ಬ ಜಗಳಕ್ಕೆ ಯಾವ ನೆಪ ಹುಡುಕುತ್ತಾನೆ ಎಂಬುದರಲ್ಲಿ ಅವನ ಮನಸ್ಸು ಎಲ್ಲಿದೆ ಎಂದು ತಿಳಿಯುತ್ತದೆ.

1989ರಲ್ಲಿ ಸೋತರು. ಮುಗಿಯಿತು ಇವರ ಕಥೆ ಎಂದವರು ಬಹಳ. 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು. 1994ರಲ್ಲಿ ಹೆಗಡೆ, ಪಟೇಲ್, ಬೊಮ್ಮಾಯಿ ಎಲ್ಲರನ್ನೂ ಒಂದೇ ಜನತಾದಳದ ಚಪ್ಪರದಡಿ ಇಟ್ಟುಕೊಂಡು ಚುನಾವಣೆ ಗೆದ್ದು ಡಿಸೆಂಬರ್ 11ರಂದು ಮುಖ್ಯಮಂತ್ರಿಯಾದರು. ಪಟೇಲರು ಉಪಮುಖ್ಯಮಂತ್ರಿ. ಮುಸ್ಲಿಮರಿಗೆ ಹಿಂದುಳಿದ ವರ್ಗಗಳ ಪಟ್ಟಿಯ 2ಬಿ ಅಡಿಯಲ್ಲಿ ಶೇಕಡಾ 4ರ ಮೀಸಲಾತಿ ಜಾರಿಗೆ ಬಂದದ್ದು ಆಗಲೇ. ಹುಬ್ಬಳ್ಳಿಯ ಈದ್ಗಾ ಮೈದಾನದ ಗೊಂದಲ ತಣ್ಣಗಾದದ್ದೂ ಆಗಲೇ. 1995ರ ಕೊನೆಯಲ್ಲಿ ಕಾವೇರಿ ಮತ್ತೆ ಕುದಿಯಿತು. ಸುಪ್ರೀಂ ಕೋರ್ಟು ವಿಷಯವನ್ನು ಪ್ರಧಾನಿ ನರಸಿಂಹರಾಯರ ಕೈಗೆ ಒಪ್ಪಿಸಿತು, ಅವರು ತಮಿಳುನಾಡಿಗೆ 6 ಟಿಎಂಸಿ ಅಡಿ ಬಿಡಿ ಎಂದರು. ನೀರು ಹಂಚುವ ಪ್ರಧಾನಿಯ ಎದುರು ಮುಖ್ಯಮಂತ್ರಿಯಾಗಿ ಕೂತವರು, ಆರು ತಿಂಗಳೊಳಗೆ ತಾವೇ ಆ ಕುರ್ಚಿಯಲ್ಲಿ ಕೂರಬೇಕಾಯಿತು.

ಹೇಗೆ ಕೂತರೆಂಬುದು ಗೊತ್ತೇ ಇದೆ, ಬೇಗ ಹೇಳಿಬಿಡುತ್ತೇನೆ. 1996ರ ಲೋಕಸಭೆಯಲ್ಲಿ ಯಾರಿಗೂ ಬಹುಮತ ಇಲ್ಲ. ಆ ಹದಿಮೂರು ಪಕ್ಷಗಳ ಸಂಯುಕ್ತ ರಂಗ ವಿ.ಪಿ. ಸಿಂಗರನ್ನು ಕೇಳಿತು, ಅವರು ಒಲ್ಲೆ ಎಂದರು. ಜ್ಯೋತಿ ಬಸು ಅವರನ್ನು ಕೇಳಿತು, ಅವರ ಪಕ್ಷ ಒಪ್ಪಲಿಲ್ಲ. ಆಗ ಎಲ್ಲರ ಕಣ್ಣು ಬಿದ್ದದ್ದು ಕರ್ನಾಟಕದಿಂದ 16 ಜನತಾದಳ ಸಂಸದರನ್ನು ಗೆಲ್ಲಿಸಿ ತಂದಿದ್ದ ಮುಖ್ಯಮಂತ್ರಿಯ ಮೇಲೆ. ಜನತಾದಳದ ಒಟ್ಟು ಬಲವೇ 46. ಹೊರಗಿನಿಂದ ಬೆಂಬಲ ಕೊಟ್ಟ ಕಾಂಗ್ರೆಸ್ಸಿಗೆ 140. ಇನ್ನೊಬ್ಬರ ಹೆಗಲ ಮೇಲೆ ಕೂತು ಊರು ನೋಡುವ ಸ್ಥಿತಿ.

ಆ ವರ್ಷದ ಆಗಸ್ಟ್ 15 ನೆನಪಾಗುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರು ಹಿಂದಿನ ದಿನವೇ ಬಂದು, "ಏನ್ ತಮ್ಮಾ, ನಾಳೆ ಗೌಡ್ರು ಕೆಂಪುಕೋಟೆ ಮ್ಯಾಲೆ ಕನ್ನಡದಾಗೇ ಮಾತಾಡ್ತಾರಂತೇನೋ?" ಎಂದು ಕೇಳಿದರು. ಹಾಗೆ ಕೇಳುವುದಕ್ಕೆ ಅವರಿಗೆ ಆಧಾರ ಇತ್ತು. 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಸಂಸದರಾಗಿ ಹೋದ ಪಟೇಲರು ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದ ಕಥೆ ನಮ್ಮ ಕಡೆ ಮನೆಮಾತು. ಕೆಂಪುಕೋಟೆಯ ಮೇಲೆ ದೇವೇಗೌಡರು ಕನ್ನಡದಲ್ಲಿ ಮಾತಾಡಲಿಲ್ಲ. ತಮಗೆ ಬಾರದ ಹಿಂದಿಯ ಭಾಷಣವನ್ನು ಕನ್ನಡ ಅಕ್ಷರದಲ್ಲಿ ಬರೆಸಿಕೊಂಡು ಓದಿದರು. ಉಚ್ಚಾರ ತಡವರಿಸಿತು, ಉತ್ತರದವರು ಆಡಿಕೊಂಡರು. ನನಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. 63ನೆಯ ವಯಸ್ಸಿನಲ್ಲಿ, ದೇಶವೆಲ್ಲ ನೋಡುತ್ತಿರುವಾಗ, ಪರಭಾಷೆಯ ಒಂದೊಂದು ಪದವನ್ನೂ ತಾಯಿನುಡಿಯ ಅಕ್ಷರದ ಕೈ ಹಿಡಿದು ದಾಟುವುದಕ್ಕೆ ಎದೆಗಾರಿಕೆ ಬೇಕು. ಆ ಹಾಳೆಗಳ ಮೇಲೆ ಕನ್ನಡದ ಲಿಪಿ ಇತ್ತು ಎಂಬುದು ನಮ್ಮ ಹಿರಿಯರಿಗೂ ಆಮೇಲೆ ಸಮಾಧಾನ ತಂದಿತು.

ಇನ್ನು ಕೆಲಸದ ಮಾತು. ನನ್ನ ದೃಷ್ಟಿಯಲ್ಲಿ ಆ ಸರ್ಕಾರದ ಅತ್ಯಂತ ದೊಡ್ಡ ಕೆಲಸ 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೊಂದಿಗೆ ಸಹಿ ಹಾಕಿದ ಗಂಗಾ ನೀರು ಹಂಚಿಕೆಯ ಒಪ್ಪಂದ. ಇದನ್ನು ಕೊಂಚ ಬಿಡಿಸಿ ಹೇಳಬೇಕು.

ಪಶ್ಚಿಮ ಬಂಗಾಳದ ಫರಕ್ಕಾ ಎಂಬಲ್ಲಿ ಗಂಗೆಗೆ ಅಡ್ಡಲಾಗಿ ಭಾರತ ಕಟ್ಟಿದ ಬ್ಯಾರೇಜು 1975ರಲ್ಲಿ ಕೆಲಸ ಶುರು ಮಾಡಿತು. ಕೋಲ್ಕತ್ತದ ಬಂದರಿನಲ್ಲಿ ಹೂಳು ತುಂಬದಿರಲಿ ಎಂದು ನೀರನ್ನು ಹೂಗ್ಲಿಯ ಕಡೆ ತಿರುಗಿಸುವುದು ಅದರ ಉದ್ದೇಶ. ಕೆಳಗಿನ ಬಾಂಗ್ಲಾದೇಶದ ರೈತ ಬೇಸಿಗೆಯಲ್ಲಿ ಒಣಗುತ್ತೇವೆ ಎಂದು ಗೋಳಿಟ್ಟ. 1977ರಲ್ಲಿ ಒಂದು ಒಪ್ಪಂದ ಆಯಿತು, ಅದು ಮುಗಿಯಿತು, ತಾತ್ಕಾಲಿಕ ಏರ್ಪಾಡುಗಳೂ 1988ಕ್ಕೆ ಮುಗಿದವು. ಎಂಟು ವರ್ಷ ಎರಡು ದೇಶಗಳ ನಡುವೆ ಕಾಗದವೇ ಇರಲಿಲ್ಲ. ಮೇಲಿನವನು ತೂಬು ಹಿಡಿದು ಕೂತಾಗ ಕೆಳಗಿನವನ ಪಾಡು ಏನೆಂದು ನಮ್ಮ ಭದ್ರಾ ನಾಲೆಯ ಕೊನೆಯ ಭಾಗದ ರೈತರನ್ನು ಕೇಳಿದರೆ ಸಾಕು. ಅಲ್ಲಿ ಸೌಡಿಯ ಮೇಲೆ, ಎಂಜಿನಿಯರ ಮೇಲೆ ಸಿಟ್ಟು ತೀರಿಸಿಕೊಳ್ಳಬಹುದು. ದೇಶ ಬೇರೆಯಾದರೆ ಸಿಟ್ಟು ಗಡಿಯಲ್ಲಿ ಹೊಗೆಯಾಡುತ್ತದೆ.

1996ರ ಒಪ್ಪಂದ ಜನವರಿ 1ರಿಂದ ಮೇ 31ರವರೆಗಿನ ಬೇಸಿಗೆಯ ಹರಿವನ್ನು ಹತ್ತು ಹತ್ತು ದಿನಗಳ ಕಂತಾಗಿ ಅಳೆಯುತ್ತದೆ. ಅಳೆಯುವುದು ಕ್ಯೂಸೆಕ್ಕಿನಲ್ಲಿ, ಎಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂದು. ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ನಮಗೆ. 75,000 ದಾಟಿದರೆ ನಮಗೆ 40,000, ಉಳಿದದ್ದು ಅವರಿಗೆ. ತೀರಾ ಬಿಸಿಲಿನ ದಿನಗಳಲ್ಲಿ, ಮಾರ್ಚ್ 11ರಿಂದ ಮೇ 10ರವರೆಗೆ, ಒಂದು ಹತ್ತು ದಿನ ಇವರಿಗೆ, ಮುಂದಿನ ಹತ್ತು ದಿನ ಅವರಿಗೆ ಎಂದು ಸರದಿಯ ಮೇಲೆ 35,000 ಕ್ಯೂಸೆಕ್ಕಿನ ಖಾತರಿ. ಎಷ್ಟು ಸರಳ ನೋಡಿ! ಅಂತರರಾಷ್ಟ್ರೀಯ ಒಪ್ಪಂದ ಎಂದರೆ ಅರ್ಥವಾಗದ ಭಾಷೆ ಇರುತ್ತದೆಂದು ನಾವು ತಿಳಿದಿರುತ್ತೇವೆ. ಇದು ನಮ್ಮ ಕೆರೆ ಅಚ್ಚುಕಟ್ಟಿನಲ್ಲಿ ನೀರುಗಂಟಿ ಹಿಡಿಯುವ ವಾರಾಬಂದಿಯ ಲೆಕ್ಕ. ಸರದಿ ಇದೆ, ಪಾಲು ಇದೆ, ನೀರು ಕಡಿಮೆಯಾದರೆ ಇಬ್ಬರೂ ಕಷ್ಟ ಹಂಚಿಕೊಳ್ಳಬೇಕೆಂಬ ನ್ಯಾಯ ಇದೆ.

ಇದರಲ್ಲಿ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಪಾತ್ರ ದೊಡ್ಡದು, ವಿದೇಶಾಂಗ ಮಂತ್ರಿ ಗುಜ್ರಾಲರ ಪಾತ್ರವೂ ದೊಡ್ಡದು. ಬಂಗಾಳದ ಮುಖ್ಯಮಂತ್ರಿ ಒಪ್ಪದಿದ್ದರೆ ಯಾವ ಪ್ರಧಾನಿಯೂ ಆ ಸಹಿ ಹಾಕಲಾರ, ತೀಸ್ತಾ ನದಿಯ ವಿಚಾರದಲ್ಲಿ ಮುಂದೆ ಅದು ಸಾಬೀತೂ ಆಯಿತು. ಆದರೆ ಕಾವೇರಿಯಲ್ಲಿ ಮೇಲಿನವರ ಪಾಲಿನ ವಾದ ಮಾಡಿಕೊಂಡೇ ಬೆಳೆದ ಮನುಷ್ಯ, ದೆಹಲಿಗೆ ಹೋಗಿ ಕೆಳಗಿನವರ ಬಾಯಾರಿಕೆಗೂ ಒಂದು ಲೆಕ್ಕ ಬರೆದುಕೊಟ್ಟರಲ್ಲ, ಅದು ಸಣ್ಣ ಮಾತಲ್ಲ. ಒಪ್ಪಂದದ ಅವಧಿ 30 ವರ್ಷ. ಎರಡೂ ಕಡೆ ಸರ್ಕಾರಗಳು ಬದಲಾದವು, ಸಂಬಂಧ ಹದಗೆಟ್ಟ ಕಾಲವೂ ಬಂತು, ಹಾಗಿದ್ದೂ ಅದನ್ನು ಹರಿದು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

ಎರಡನೆಯದು ಈಶಾನ್ಯ. 1996ರ ಅಕ್ಟೋಬರಿನಲ್ಲಿ ದೇವೇಗೌಡರು ಆ ರಾಜ್ಯಗಳಲ್ಲಿ ಸುತ್ತಾಡಿ, ಗುವಾಹಟಿಯಲ್ಲಿ 6,100 ಕೋಟಿ ರೂಪಾಯಿಯ ಯೋಜನೆಗಳನ್ನು ಘೋಷಿಸಿದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಕೇಂದ್ರದ ಇಲಾಖೆಗಳು ತಮ್ಮ ಯೋಜನಾ ಹಣದಲ್ಲಿ ಶೇಕಡಾ 10ನ್ನು ಈಶಾನ್ಯಕ್ಕೆ ಎತ್ತಿಡಬೇಕೆಂಬ ನಿಯಮ. ಘೋಷಣೆಯನ್ನು ಮುಂದಿನವರು ಮರೆಯಬಹುದು, ಲೆಕ್ಕಪತ್ರದೊಳಗೆ ಕೂತ ನಿಯಮವನ್ನು ಮರೆಯುವುದು ಕಷ್ಟ. 1997ರ ಜನವರಿ 22ರಂದು ಬ್ರಹ್ಮಪುತ್ರದ ಮೇಲೆ ಬೋಗಿಬೀಲ್ ಸೇತುವೆಗೆ ಅಡಿಗಲ್ಲಿಟ್ಟರು. ಅಸ್ಸಾಮಿನ ದಿಬ್ರುಗಢ ಮತ್ತು ಧೇಮಾಜಿಯ ನಡುವೆ, ಮೇಲೆ ರಸ್ತೆ ಕೆಳಗೆ ರೈಲು, ಉದ್ದ 4.94 ಕಿಲೋಮೀಟರು. ಮುಗಿಯಲು 21 ವರ್ಷ ಹಿಡಿಯಿತು. 2018ರ ಡಿಸೆಂಬರ್ 25ರಂದು ಉದ್ಘಾಟನೆಯಾದಾಗ ತಮಗೆ ಆಹ್ವಾನವೇ ಬಂದಿಲ್ಲ ಎಂದು ಅವರು ನೊಂದು ಹೇಳಿಕೊಂಡರು. ಅಡಿಗಲ್ಲಿಟ್ಟವರನ್ನು ಗೃಹಪ್ರವೇಶಕ್ಕೆ ಕರೆಯುವುದು ನಮ್ಮ ಹಳ್ಳಿಗಳಲ್ಲಿ ತಪ್ಪದ ರೂಢಿ. ದೆಹಲಿಗೆ ಆ ರೂಢಿ ಬರಬೇಕಿತ್ತು.

ಕಾಶ್ಮೀರದಲ್ಲಿ 1987ರ ನಂತರ ಮೊದಲ ಸಲ ವಿಧಾನಸಭಾ ಚುನಾವಣೆ ನಡೆದದ್ದು ಅವರ ಕಾಲದಲ್ಲೇ. ಉಧಂಪುರದಿಂದ ಶ್ರೀನಗರದ ಕಡೆಗೆ ರೈಲುಹಾದಿಗೆ ಅಡಿಗಲ್ಲು ಬಿದ್ದದ್ದೂ ಆಗಲೇ. ನಾಗಾ ಬಂಡುಕೋರರ ನಾಯಕರನ್ನು 1997ರ ಫೆಬ್ರವರಿಯಲ್ಲಿ ಜೂರಿಚ್‌ನಲ್ಲಿ ಸ್ವತಃ ಭೇಟಿಯಾದರು, ಅದೇ ವರ್ಷ ಕದನವಿರಾಮ ಬಂತು. ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಗೆ ಮೊದಲು ಬಂದದ್ದು 1996ರ ಸೆಪ್ಟೆಂಬರ್ 12ರಂದು. ಅಣುಪರೀಕ್ಷೆ ನಿಷೇಧದ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದು ಭಾರತ ಗಟ್ಟಿಯಾಗಿ ಹೇಳಿದ್ದೂ ಆ ಅವಧಿಯಲ್ಲಿ. ಚಿದಂಬರಂ ಅವರ ಬಜೆಟ್ಟನ್ನು ಪೇಟೆಯವರು ಹೊಗಳಿದರು. ಹತ್ತು ತಿಂಗಳು ಚಿಲ್ಲರೆಗೆ ಇದು ಕಡಿಮೆ ಕೆಲಸವೇ?

ಪತನದ ಕಥೆಯನ್ನು ಹೇಳುವಾಗ ಈಗಲೂ ನನಗೆ ಬೇಸರವಾಗುತ್ತದೆ. 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಬೆಂಬಲ ಹಿಂದಕ್ಕೆ ಪಡೆದರು. ನೀತಿಯ ಮೇಲೆ ಜಗಳವಿರಲಿಲ್ಲ, ಮುಂದೆ ಅದೇ ಸಂಯುಕ್ತ ರಂಗಕ್ಕೆ, ಅದೇ ಬಜೆಟ್ಟಿಗೆ, ಗುಜ್ರಾಲರ ನಾಯಕತ್ವದಲ್ಲಿ ಅದೇ ಕಾಂಗ್ರೆಸ್ ಬೆಂಬಲ ಕೊಟ್ಟಿತು. ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ. ರಾಜೀನಾಮೆ ಕೊಟ್ಟು ಹೊರಟುಬಿಡಬಹುದಿತ್ತು, ಹಾಗೆ ಮಾಡದೆ ಸದನಕ್ಕೆ ಹೋಗಿ ಎದ್ದು ನಿಂತು ಮಾತಾಡಿದರು. ಯಾವ ತಪ್ಪಿಗೆ ನನ್ನನ್ನು ಇಳಿಸುತ್ತಿದ್ದೀರಿ ಎಂದು ಕೇಳಿದರು. ಉತ್ತರ ಬರಲಿಲ್ಲ, ಅಂಕಿ ಬಂತು. ಪರ 158, ವಿರೋಧ 292.

ಅವರ ಬಗ್ಗೆ ನನಗಿರುವ ದೊಡ್ಡ ತಕರಾರನ್ನೂ ಇಲ್ಲಿಯೇ ಹೇಳಬೇಕು. ಪ್ರಧಾನಿಯಾದ ಕೆಲವೇ ದಿನಗಳಲ್ಲಿ ಹೆಗಡೆಯವರನ್ನು ಜನತಾದಳದಿಂದ ಹೊರಹಾಕಲಾಯಿತು. 1994ರಲ್ಲಿ ಕಷ್ಟಪಟ್ಟು ಕಟ್ಟಿದ ಚಪ್ಪರದ ಒಂದು ಕಂಬವನ್ನು ಹಾಗೆ ಕಿತ್ತ ಮೇಲೆ ಉಳಿದದ್ದು ನಿಲ್ಲಲಿಲ್ಲ. 1999ರಲ್ಲಿ ಪಟೇಲರೂ ದೇವೇಗೌಡರೂ ಬೇರೆ ಬೇರೆ ದಾರಿ ಹಿಡಿದರು, ಆ ಚುನಾವಣೆಯಲ್ಲಿ ಚನ್ನಗಿರಿಯಲ್ಲಿ ಪಟೇಲರು ಸೋತರು, ಹಾಸನದಲ್ಲಿ ದೇವೇಗೌಡರು ಸೋತರು. ಆಮೇಲೆ ಅವರ ಜಾತ್ಯತೀತ ಜನತಾದಳ ಬರಬರುತ್ತಾ ಒಂದು ಮನೆತನದ ಸುತ್ತ ಸುತ್ತತೊಡಗಿತು. ನಮ್ಮ ಸೀಮೆಯಲ್ಲಿ ಹಳೆಯ ಸಮಾಜವಾದಿಗಳು, ರೈತ ಚಳವಳಿಯವರು, ಜನತಾ ಪರಿವಾರವನ್ನು ತಮ್ಮದೆಂದು ನಂಬಿದ್ದವರು ಎಷ್ಟೋ ಜನ ದಿಕ್ಕಿಲ್ಲದೆ ಚದುರಿಹೋದರು. ನೀರನ್ನು ಎಲ್ಲರಿಗೂ ಹಂಚಲು ಬಲ್ಲವರು ಅಧಿಕಾರವನ್ನು ಹಂಚುವಾಗ ಕೈ ಬಿಗಿ ಹಿಡಿದರು ಎಂದು ನಾನು ನೋವಿನಿಂದಲೇ ಹೇಳುತ್ತೇನೆ.

ಪಟೇಲರ ಸರ್ಕಾರ ನಮಗೆ ಒಂದು ಕೆಲಸ ಮಾಡಿಕೊಟ್ಟಿತು. ದೇವೇಗೌಡರು ದೆಹಲಿಯ ಕುರ್ಚಿ ಕಳೆದುಕೊಂಡ ವರ್ಷವೇ, 1997ರ ಆಗಸ್ಟ್ 15ರಂದು, ದಾವಣಗೆರೆ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದು ಸೇರಿದವು. ಬಿಳಿಚೋಡಿನವರಿಗೆ ಜಿಲ್ಲಾ ಕಚೇರಿ ಹತ್ತಿರವಾಯಿತು.

ನೀರು ಹತ್ತಿರವಾಯಿತೇ? ಇಲ್ಲಿ ದೇವೇಗೌಡರ ಸರ್ಕಾರದ ಮೂರನೆಯ ದೊಡ್ಡ ಕೆಲಸವನ್ನು ಹೇಳಬೇಕು. 1996-97ರಲ್ಲಿ ಕೇಂದ್ರ ಸರ್ಕಾರ ತ್ವರಿತ ನೀರಾವರಿ ಪ್ರಯೋಜನ ಕಾರ್ಯಕ್ರಮ ಎಂಬುದನ್ನು ಶುರು ಮಾಡಿತು. ಅಲ್ಲಿಯವರೆಗೆ ನೀರಾವರಿ ರಾಜ್ಯದ ತಲೆನೋವು, ದೆಹಲಿ ಅನುಮತಿ ಕೊಡುತ್ತಿತ್ತು, ದುಡ್ಡು ಕೊಡುತ್ತಿರಲಿಲ್ಲ. ಅಣೆಕಟ್ಟು ಮುಗಿದು ನಾಲೆ ಅರ್ಧಕ್ಕೆ ನಿಂತ ಯೋಜನೆಗಳು ದೇಶದ ತುಂಬ ಇದ್ದವು. ಅವುಗಳನ್ನು ಮುಗಿಸಲು ಕೇಂದ್ರ ಸಾಲ ಕೊಡಬೇಕೆಂಬುದು ಈ ಕಾರ್ಯಕ್ರಮ. 1987ರಲ್ಲಿ ಹಣವಿಲ್ಲವೆಂದು ರಾಜೀನಾಮೆ ಕೊಟ್ಟ ನೀರಾವರಿ ಮಂತ್ರಿ ಪ್ರಧಾನಿಯಾದ ಕೂಡಲೇ ಬರೆದ ಆದೇಶ ಎಂದು ನಾನು ಇದನ್ನು ಓದುತ್ತೇನೆ. ಕೃಷ್ಣಾ ಮೇಲ್ದಂಡೆಗೆ, ಮಲಪ್ರಭಾ, ಘಟಪ್ರಭಾಗಳಿಗೆ ಅದರಿಂದ ಹಣ ಹರಿಯಿತು.

ನಮ್ಮ ತಾಲ್ಲೂಕಿಗೆ ಹರಿಯಲಿಲ್ಲ. ಕಾರಣ ದ್ವೇಷವಲ್ಲ, ನಿಯಮ. ಅರ್ಧ ಆದ ಕೆಲಸಕ್ಕೆ ದುಡ್ಡು ಎಂದು ನಿಯಮ ಹೇಳುತ್ತಿತ್ತು, ಜಗಳೂರಿನಲ್ಲಿ ಅರ್ಧವಿರಲಿ, ಒಂದು ಗುದ್ದಲಿ ಮಣ್ಣೂ ಎದ್ದಿರಲಿಲ್ಲ. ಭದ್ರಾ ಮೇಲ್ದಂಡೆ ಆಗಿನ್ನೂ ಕಾಗದದ ಮೇಲಿತ್ತು. ಯೋಜನೆ ಇದ್ದವರಿಗೆ ಹಣ ಸಿಕ್ಕಿತು, ಯೋಜನೆಯೇ ಇಲ್ಲದ ಬರದ ಸೀಮೆ ಸಾಲಿನಲ್ಲಿ ನಿಲ್ಲುವ ಅರ್ಹತೆಯನ್ನೂ ಪಡೆಯಲಿಲ್ಲ. ನೀರಾವರಿಯನ್ನು ಅಷ್ಟು ಬಲ್ಲ ಪ್ರಧಾನಿಗೂ, ಪಕ್ಕದ ಚನ್ನಗಿರಿಯ ಮುಖ್ಯಮಂತ್ರಿಗೂ ಈ ಮಧ್ಯ ಕರ್ನಾಟಕದ ಒಣ ಪಟ್ಟಿ ಕಣ್ಣಿಗೆ ಬೀಳಲಿಲ್ಲವಲ್ಲ ಎಂಬ ನೋವು ನನಗಿದೆ. ಆ ಕಾಲಕ್ಕೆ ನಮ್ಮವರೂ ಕಡತ ಹಿಡಿದು ದೇವೇಗೌಡರ ಬಾಗಿಲಲ್ಲಿ ನಿಲ್ಲಬೇಕಿತ್ತು. ಅವರು ಅಂಕಿಗೆ ಮಣಿಯುವ ಮನುಷ್ಯ.

ಮುಂದೆ ಭದ್ರಾ ಮೇಲ್ದಂಡೆಗೆ ಒಪ್ಪಿಗೆ ಸಿಕ್ಕಿತು. 29.9 ಟಿಎಂಸಿ ಅಡಿ ನೀರು, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರು, ಅದರಲ್ಲಿ ನಮಗೆ ಜಗಳೂರು ಶಾಖಾ ಕಾಲುವೆ. ಕೇಂದ್ರ 2023ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಕೊಡುತ್ತೇವೆಂದು ಓದಿತು. ಓದಿದ ಹಣಕ್ಕಾಗಿ ರಾಜ್ಯ ಸರ್ಕಾರ ಅಂದಿನಿಂದ ಪತ್ರ ಬರೆಯುತ್ತಲೇ ಬಂದಿದೆ. ಈ ನಡುವೆ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ, ಸಿರಿಗೆರೆಯ ತರಳಬಾಳು ಜಗದ್ಗುರುಗಳ ಒತ್ತಾಸೆಯಿಂದ, ಕೈಗೂಡಿತು. ಕೆರೆ ತುಂಬಿದ ಕಡೆ ಬೋರುಗಳಲ್ಲಿ ನೀರು ಮೇಲಕ್ಕೆ ಬಂದಿದೆ. ಅಡಿಕೆ ಸಸಿ ಇಟ್ಟವರೂ ಇದ್ದಾರೆ.

2020ರಲ್ಲಿ ದೇವೇಗೌಡರು ಅವಿರೋಧವಾಗಿ ರಾಜ್ಯಸಭೆಗೆ ಹೋದರು. 2023ರ ಮಳೆಗಾಲ ಕೈಕೊಟ್ಟು ಕಾವೇರಿಗೆ ಮತ್ತೆ ಸಂಕಟ ಬಂದಾಗ, ತೊಂಬತ್ತು ದಾಟಿದ ಆ ಹಿರಿಯರು ಜಲಾಶಯಗಳ ಮಟ್ಟ, ಒಳಹರಿವು, ನಿಂತ ಬೆಳೆಯ ಲೆಕ್ಕ ಮುಂದಿಟ್ಟು ಪ್ರಧಾನಿಗೆ ಪತ್ರ ಬರೆದರು. ಫರಕ್ಕಾದ ನೀರಿಗೆ ಅವರು ಬರೆದ ಹತ್ತು ದಿನದ ಲೆಕ್ಕದ 30 ವರ್ಷದ ಅವಧಿ 2026ರ ಡಿಸೆಂಬರ್ 12ಕ್ಕೆ ಮುಗಿಯುತ್ತದೆ. ಎರಡು ದೇಶಗಳ ಎಂಜಿನಿಯರುಗಳು ಮತ್ತೆ ಮೇಜಿನ ಎದುರುಬದುರು ಕೂತು, ಗಂಗೆಯಲ್ಲಿ ಈಗ ಬೇಸಿಗೆಗೆ ಎಷ್ಟು ನೀರು ಉಳಿದಿದೆ ಎಂಬಲ್ಲಿಂದ ಶುರು ಮಾಡಬೇಕು.